ಹಿಟ್ಟೈಟರ ಒಪ್ಪಂದದಲ್ಲಿ ಇಂದ್ರ ಯಾಕೆ ಬಂದ?

ಪ್ರಶ್ನೆ: ಟರ್ಕಿಯಲ್ಲಿ ಸಿಕ್ಕ ಹಿಟ್ಟೈಟರ ಒಂದು ಒಪ್ಪಂದದಲ್ಲಿ ಇಂದ್ರ, ವರುಣ, ಮಿತ್ರರ ಹೆಸರಿದೆ ಎಂದು ಎಷ್ಟೋ ಕಡೆ ಓದಿದ್ದೇನೆ. ಇದು ನಿಜವೇ? ಹಾಗಿದ್ದರೆ ಹಿಟ್ಟೈಟರು ವೇದದ ದೇವರನ್ನು ಪೂಜಿಸುತ್ತಿದ್ದರೇ? ಅವರು ಯಾರು, ಹೇಗೆ ಬದುಕಿದ್ದರು? ಈಜಿಪ್ಟಿಗೆ ಸರಿಸಮ ಎನ್ನುವಷ್ಟು ದೊಡ್ಡ ರಾಜ್ಯ ಜನರ ನೆನಪಿನಿಂದ ಹೇಗೆ ಅಳಿಸಿಹೋಯಿತು? ಟರ್ಕಿಗೆ ಹೋಗುವ ಯೋಚನೆಯೂ ಇದೆ. ನೋಡಲು ಏನಾದರೂ ಉಳಿದಿದೆಯೇ?

ಉತ್ತರ: ಹೆಸರುಗಳು ಇರುವುದು ನಿಜ. ಆದರೆ ಅವು ಹಿಟ್ಟೈಟರ ದೇವರುಗಳಲ್ಲ. ಒಪ್ಪಂದಕ್ಕೆ ಎದುರು ಕೂತವರ ದೇವರುಗಳು. ಅವರ ಹೆಸರನ್ನು ಹಿಟ್ಟೈಟರು ಯಾಕೆ ಬರೆಸಿಕೊಂಡರು ಎಂದು ನೋಡಿದರೆ ಆ ಜನ ಎಂಥವರು ಎನ್ನುವುದೂ ತಿಳಿಯುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ರಿ.ಪೂ. 14ನೇ ಶತಮಾನದ ನಡುವೆ ಹಿಟ್ಟೈಟರ ದೊರೆ ಒಂದನೇ ಸುಪ್ಪಿಲುಲಿಯುಮ. ಅವನ ರಾಜಧಾನಿ ಹತ್ತುಸ, ಇಂದಿನ ಟರ್ಕಿಯ ನಡುಭಾಗದಲ್ಲಿತ್ತು. ಅವನ ರಾಜ್ಯದ ಆಗ್ನೇಯಕ್ಕೆ, ಇಂದಿನ ಉತ್ತರ ಸಿರಿಯಾ ಮತ್ತು ಉತ್ತರ ಇರಾಕಿನ ಕಡೆ, ಮಿತನ್ನಿ ಎಂಬ ದೊಡ್ಡ ರಾಜ್ಯ. ಅಲ್ಲಿನ ದೊರೆ ತುಶ್ರತ್ತ ಕೊಲೆಯಾದ. ಕೊಂದವನು ಅವನದೇ ಮಗ. ಇನ್ನೊಬ್ಬ ಮಗ ಶತ್ತಿವಾಜ ಜೀವ ಉಳಿಸಿಕೊಂಡು ಓಡಿ ಬಂದು, ಅಪ್ಪನ ಹಗೆಯೇ ಆಗಿದ್ದ ಸುಪ್ಪಿಲುಲಿಯುಮನ ಆಸರೆ ಬೇಡಿದ. ಸುಪ್ಪಿಲುಲಿಯುಮ ಅವನಿಗೆ ತನ್ನ ಮಗಳನ್ನು ಕೊಟ್ಟ. ಜೊತೆಗೆ ಕಾರ್ಕೆಮಿಶ್ ಎಂಬ ನಗರದಲ್ಲಿ ಆಳುತ್ತಿದ್ದ ತನ್ನ ಮಗನ ಸೈನ್ಯವನ್ನೂ ಕೊಟ್ಟ. ಶತ್ತಿವಾಜ ಮಿತನ್ನಿಯ ಗದ್ದುಗೆ ಏರಿದ, ಆದರೆ ಹಿಟ್ಟೈಟರ ಅಧೀನನಾಗಿ.

ಇದಕ್ಕೆಲ್ಲ ಕರಾರು ಬರೆಯಲಾಯಿತು. ಅಕ್ಕಾಡಿಯನ್ ಭಾಷೆಯಲ್ಲಿ, ಹಸಿ ಮಣ್ಣಿನ ಹಲಗೆಗಳ ಮೇಲೆ. ಆ ಕಾಲದಲ್ಲಿ ದೇಶ ದೇಶಗಳ ನಡುವಿನ ಪತ್ರವ್ಯವಹಾರಕ್ಕೆ ಅಕ್ಕಾಡಿಯನ್ನೇ ಬಳಕೆಯ ಭಾಷೆ. ಕರಾರಿನಲ್ಲಿ ಗಡಿಯ ಮಾತಿದೆ, ಓಡಿಹೋದವರನ್ನು ಒಪ್ಪಿಸುವ ಮಾತಿದೆ. ಒಬ್ಬ ತಂದೆಯ ಮಾತೂ ಇದೆ. ಬೇರೆ ಹೆಂಡಿರನ್ನು ಮಾಡಿಕೊಳ್ಳಬಹುದು, ಆದರೆ ಯಾರೂ ನನ್ನ ಮಗಳಿಗಿಂತ ಮೇಲಾಗಕೂಡದು, ಪಟ್ಟದ ರಾಣಿ ಅವಳೇ ಎಂದು ಸುಪ್ಪಿಲುಲಿಯುಮ ಬರೆಸಿದ್ದಾನೆ. ಕೊನೆಗೆ ಸಾಕ್ಷಿಗಳ ಪಟ್ಟಿ. ಸಾಕ್ಷಿಗಳೆಲ್ಲ ದೇವರುಗಳೇ. ಮೊದಲು ಹಿಟ್ಟೈಟರ ದೇವರುಗಳು, ನಂತರ ಮಿತನ್ನಿಯವರ ದೇವರುಗಳು. ಜೊತೆಗೆ ಬೆಟ್ಟ, ನದಿ, ಸಮುದ್ರ, ಆಕಾಶ, ಭೂಮಿ, ಮೋಡ, ಗಾಳಿ. ಮಿತನ್ನಿಯವರ ಆ ಉದ್ದ ಪಟ್ಟಿಯ ಒಳಗೆ ಮಿತ್ರ, ವರುಣ, ಇಂದ್ರ, ನಾಸತ್ಯರು ಬರುತ್ತಾರೆ. ನಾಸತ್ಯರು ಎಂದರೆ ನಮ್ಮ ಅಶ್ವಿನಿ ದೇವತೆಗಳು.

ಮಿತನ್ನಿಯ ಸಾಮಾನ್ಯ ಜನ ಆಡುತ್ತಿದ್ದದ್ದು ಹುರ್ರಿ ಭಾಷೆ. ಅದಕ್ಕೂ ಸಂಸ್ಕೃತಕ್ಕೂ ನಂಟಿಲ್ಲ. ಆದರೆ ರಾಜರ ಹೆಸರು, ಕೆಲವು ದೇವರ ಹೆಸರು, ಕುದುರೆ ರಥಗಳಿಗೆ ಸೇರಿದ ಕೆಲವು ಮಾತುಗಳು ಸಂಸ್ಕೃತಕ್ಕೆ ತೀರ ಹತ್ತಿರ. ಹಿಟ್ಟೈಟರ ಬಳಿ ಕಿಕ್ಕುಲಿ ಎಂಬ ಮಿತನ್ನಿಯ ಕುದುರೆ ಪಳಗಿಸುವವನೊಬ್ಬ ಇದ್ದ. ರಥದ ಕುದುರೆಗಳಿಗೆ ಯಾವ ದಿನ ಎಷ್ಟು ಓಟ, ಎಷ್ಟು ಮೇವು, ಯಾವಾಗ ಸ್ನಾನ ಎಂದು ಅವನು ಹೇಳಿದ್ದೆಲ್ಲ ಹತ್ತುಸದಲ್ಲಿ ಬರಹವಾಗಿ ಸಿಕ್ಕಿದೆ. ಓಟದ ಸುತ್ತುಗಳನ್ನು ಅವನು ಲೆಕ್ಕ ಹಾಕುವುದು ಹೀಗೆ: ಐಕ, ತೇರ, ಪಂಜ, ಸತ್ತ, ನವ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಷ್ಟೇ ಅಲ್ಲ, ‘ಏಕ’ಕ್ಕಿಂತ ‘ಐಕ’ ಹಳೆಯ ರೂಪ.

ಇದರಿಂದ ಒಂದು ವಿಷಯ ಖಚಿತವಾಗುತ್ತದೆ. ಸುಮಾರು 3,350 ವರ್ಷಗಳ ಹಿಂದೆ, ವೇದದ ಭಾಷೆಗೆ ತೀರ ಹತ್ತಿರದ ನುಡಿಯ ನೆನಪು ಉಳಿಸಿಕೊಂಡಿದ್ದ ಒಂದು ರಾಜಮನೆತನ ಸಿರಿಯಾದ ಕಡೆ ಇತ್ತು. ಅವರು ಭಾರತದಿಂದ ಅಲ್ಲಿಗೆ ಹೋದರೇ, ಮಧ್ಯ ಏಷ್ಯಾದಿಂದಲೇ ಕವಲೊಡೆದು ಬಂದರೇ ಎಂಬ ಜಗಳಕ್ಕೆ ಈ ಮಣ್ಣಿನ ಹಲಗೆಯನ್ನು ಸಾಕ್ಷಿಯಾಗಿ ಎಳೆಯುವವರು ಜಾಸ್ತಿ. ಬಹಳಷ್ಟು ಭಾಷಾ ವಿದ್ವಾಂಸರು ಎರಡನೆಯದನ್ನು ಒಪ್ಪುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಹಲಗೆಯಲ್ಲಿ ಇರುವುದು ಸಾಕ್ಷಿ ದೇವರ ಹೆಸರು ಮಾತ್ರ. ಅದರ ಬಾಯಲ್ಲಿ ನಮಗೆ ಬೇಕಾದ ಮಾತನ್ನು ಆಡಿಸಬಾರದು.

ಇನ್ನು ಹಿಟ್ಟೈಟರ ಸಂಗತಿ. ಅವರ ನುಡಿಯೂ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಳಗದ್ದೇ, ಆದರೆ ದೂರದ ನಂಟು. ಆ ಬಳಗದಿಂದ ಎಲ್ಲರಿಗಿಂತ ಮೊದಲು ಬೇರೆಯಾದ ಕವಲು ಅದು. ಅವರ ಪ್ರಧಾನ ದೇವರು ಗುಡುಗು ಮಳೆಯ ದೇವರು. ಅವನ ಜೊತೆಗೆ ಅರಿನ್ನ ಊರಿನ ಸೂರ್ಯದೇವಿ. ಹೌದು, ಈ ಸೂರ್ಯ ಹೆಣ್ಣು. ಈ ದೇವಿ ಅವರಿಗಿಂತ ಮೊದಲೇ ಆ ನೆಲದಲ್ಲಿದ್ದ ಹತ್ತಿ ಎಂಬ ಜನರ ದೇವತೆ. ನಾಡಿನ ಹೆಸರೂ ಆ ಜನರದೇ. ಹೊಸಬರು ಹಳಬರ ಹೆಸರನ್ನೂ ದೇವರನ್ನೂ ಹಾಗೇ ಇಟ್ಟುಕೊಂಡು ತಮ್ಮನ್ನು ‘ಹತ್ತಿ ನಾಡಿನವರು’ ಎಂದೇ ಕರೆದುಕೊಂಡರು. ಗೆದ್ದ ಊರಿನ ದೇವರನ್ನು ಅವರು ಒಡೆಯುತ್ತಿರಲಿಲ್ಲ. ತಂದು ಗುಡಿ ಕಟ್ಟಿ, ಅವರವರ ಭಾಷೆಯಲ್ಲೇ ಮಂತ್ರ ಹೇಳಿಸುತ್ತಿದ್ದರು. ‘ಹತ್ತಿಯ ಸಾವಿರ ದೇವರುಗಳು’ ಎಂಬ ಮಾತು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಂದ್ರ ಆ ಪಟ್ಟಿ ಸೇರಿದ್ದು ಇದೇ ಕಾರಣಕ್ಕೆ. ಶತ್ತಿವಾಜ ತನ್ನ ದೇವರ ಮುಂದೆ ಆಣೆ ಮಾಡಿದರೆ ಮಾತ್ರ ಅವನು ಆ ಆಣೆಗೆ ಹೆದರುತ್ತಾನೆ ಎಂದು ಹಿಟ್ಟೈಟರಿಗೆ ಗೊತ್ತಿತ್ತು. ಕರಾರಿನ ಒಂದು ಪ್ರತಿಯನ್ನು ಅರಿನ್ನದ ಸೂರ್ಯದೇವಿಯ ಮುಂದೆ, ಇನ್ನೊಂದನ್ನು ಮಿತನ್ನಿಯ ಮಳೆ ದೇವರ ಮುಂದೆ ಇಟ್ಟರು. ಮಿತನ್ನಿಯ ದೊರೆಯ ಎದುರು ಅದನ್ನು ಆಗಾಗ ಓದಿ ಹೇಳಬೇಕು ಎಂಬುದೂ ಕರಾರಿನ ಒಂದು ಷರತ್ತು.

ಈ ಷರತ್ತನ್ನು ನೆನಪಿಟ್ಟುಕೊಳ್ಳಿ. ಹಿಟ್ಟೈಟರ ಬಗ್ಗೆ ನನ್ನನ್ನು ಹಿಡಿದಿಟ್ಟಿರುವ ಗುಣ ಇದೇ. ಬರೆದಿಡುವುದು ಬೇರೆಯವರಿಗೂ ಗೊತ್ತಿತ್ತು. ಬರೆದದ್ದನ್ನು ಮತ್ತೆ ತೆಗೆದು ಓದಿ, ಎಲ್ಲಿ ತಪ್ಪಿದೆವು ಎಂದು ಕೇಳಿಕೊಳ್ಳುವ ರೂಢಿಯನ್ನು ಇಷ್ಟು ಗಟ್ಟಿಯಾಗಿ ಇಟ್ಟುಕೊಂಡ ಇನ್ನೊಂದು ರಾಜ್ಯ ಆ ಕಾಲದಲ್ಲಿ ನನಗೆ ಕಾಣುವುದಿಲ್ಲ.

ಶುರುವಿನಿಂದಲೂ ಹೀಗೆಯೇ. ಕ್ರಿ.ಪೂ. 18ನೇ ಶತಮಾನದಲ್ಲಿ ಅನಿತ್ತ ಎಂಬ ದೊರೆ ಹತ್ತುಸವನ್ನು ಗೆದ್ದು, ಹಾಳುಗೆಡವಿ, ಇಲ್ಲಿ ಮತ್ತೆ ಊರು ಕಟ್ಟಿದವನನ್ನು ಮಳೆ ದೇವರು ಹೊಡೆಯಲಿ ಎಂದು ಶಾಪ ಹಾಕಿದ. ನೂರು ವರ್ಷದ ಆಸುಪಾಸಿನಲ್ಲಿ ಒಂದನೇ ಹತ್ತುಸಿಲಿ ಅಲ್ಲೇ ರಾಜಧಾನಿ ಕಟ್ಟಿದ. ಊರಿನ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡ. ಆದರೂ ಅನಿತ್ತನ ಶಾಪದ ಬರಹವನ್ನು ಹಿಟ್ಟೈಟರು ಎಸೆಯಲಿಲ್ಲ. ಶಾಪ ಬಿದ್ದ ಊರಿನಲ್ಲೇ ಕೂತು ಆ ಬರಹವನ್ನು ತಲೆಮಾರುಗಳ ಕಾಲ ನಕಲು ಮಾಡಿಸಿ ಕಾಪಾಡಿದರು.

ಹತ್ತುಸಿಲಿ ಸಾಯುವ ಹೊತ್ತಿನಲ್ಲಿ ಆಡಿದ ಮಾತುಗಳೂ ಉಳಿದಿವೆ. ತನ್ನ ನಂತರ ಆಳಲಿ ಎಂದು ಅವನು ಸೋದರಳಿಯನನ್ನು ಸಾಕಿಕೊಂಡಿದ್ದ. ಆ ಹುಡುಗನಿಗೆ ಕರುಣೆಯೇ ಇಲ್ಲ, ನಾನು ಮಲಗಿದ್ದರೂ ಕಣ್ಣೀರು ಹಾಕಲಿಲ್ಲ ಎಂದು ಅವನನ್ನು ತೆಗೆದುಹಾಕುತ್ತಾನೆ. ಅವನ ತಾಯಿಯನ್ನು, ಅಂದರೆ ತನ್ನ ತಂಗಿಯನ್ನೇ, ಹಾವು ಎನ್ನುತ್ತಾನೆ. ಎಳೆಯ ಮುರ್ಸಿಲಿಯನ್ನು ವಾರಸುದಾರನಾಗಿ ಆರಿಸಿ, ಈ ಹಲಗೆಯನ್ನು ತಿಂಗಳಿಗೊಮ್ಮೆ ನಿನ್ನ ಮುಂದೆ ಓದಿಸಿಕೋ ಎಂದು ಹೇಳುತ್ತಾನೆ. ಕೊನೆಯ ಸಾಲುಗಳಿಗೆ ಬಂದಾಗ ದೊರೆಯ ಗತ್ತು ಕರಗಿಹೋಗುತ್ತದೆ. ಹಸ್ತಯಾರ್ ಎಂಬ ಹೆಂಗಸನ್ನು ಕರೆದು, ನನ್ನನ್ನು ಚೆನ್ನಾಗಿ ತೊಳೆ, ಎದೆಗೆ ಅವಚಿಕೋ, ಮಣ್ಣಿನಿಂದ ನನ್ನನ್ನು ಕಾಪಾಡು ಎಂದು ಬೇಡುತ್ತಾನೆ. ಬರೆಯುವವನು ಆ ನಡುಗುವ ಮಾತನ್ನೂ ಬಿಡದೆ ಬರೆದುಕೊಂಡಿದ್ದಾನೆ. ಇಷ್ಟು ಹಳೆಯ ಕಾಲದಲ್ಲಿ, ಒಬ್ಬ ದೊರೆ ಸಾವಿಗೆ ಹೆದರಿದ್ದನ್ನು ಮುಚ್ಚಿಡದೆ ಹೇಳುವ ಇಂಥ ಬರಹ ನಾನು ಬೇರೆ ಓದಿಲ್ಲ.

ಆ ಮುರ್ಸಿಲಿ ಕ್ರಿ.ಪೂ. 1595ರಲ್ಲಿ ಬ್ಯಾಬಿಲೋನಿನವರೆಗೂ ದಂಡೆತ್ತಿ ಹೋಗಿ ಆ ನಗರವನ್ನು ಸೂರೆ ಮಾಡಿದ. ಊರಿಗೆ ಮರಳಿದ ಮೇಲೆ ಅವನ ಬಂಧುಗಳೇ ಅವನನ್ನು ಕೊಂದರು. ಮುಂದೆ ಕೊಲೆಯ ಮೇಲೆ ಕೊಲೆ. ಕ್ರಿ.ಪೂ. 1500ರ ಸುಮಾರಿಗೆ ಪಟ್ಟಕ್ಕೆ ಬಂದ ತೆಲಿಪಿನು ಎಂಬ ದೊರೆ ಯಾರು ಯಾರನ್ನು ಕೊಂದರು ಎಂದು ಒಂದೊಂದಾಗಿ ಹೆಸರು ಹಿಡಿದು ಬರೆಸಿದ. ಆಮೇಲೆ ನಿಯಮ ಮಾಡಿದ. ಪಟ್ಟ ಮೊದಲು ಹಿರಿಯ ರಾಣಿಯ ಮಗನಿಗೆ. ಅವನಿಲ್ಲದಿದ್ದರೆ ಎರಡನೆಯ ದರ್ಜೆಯ ಮಗನಿಗೆ. ಅವನೂ ಇಲ್ಲದಿದ್ದರೆ ಹಿರಿಯ ರಾಣಿಯ ಮಗಳ ಗಂಡನಿಗೆ. ಒಡಹುಟ್ಟಿದವರಿಗೆ ಕೇಡು ಮಾಡಿದ ದೊರೆಯನ್ನೂ ‘ಪಂಕು’ ಎಂಬ ಸಭೆ ವಿಚಾರಣೆ ಮಾಡಬಹುದು. ತಪ್ಪು ಮಾಡಿದವನು ತನ್ನ ತಲೆಯಿಂದ ತೆರಲಿ, ಆದರೆ ಅವನ ಹೆಂಡತಿ, ಮಕ್ಕಳು, ಮನೆ, ಹೊಲಕ್ಕೆ ಕೈ ಹಾಕಬೇಡಿ ಎನ್ನುತ್ತದೆ ಆ ಶಾಸನ. ಮುಂದೆಯೂ ಕೊಲೆಗಳು ನಡೆದವು. ಆದರೂ ಆ ಮಾತು ಅಲ್ಲಿದೆ.

ಇದೇ ಮನಸ್ಸು ಅವರ ಕಾನೂನುಗಳಲ್ಲೂ ಕಾಣುತ್ತದೆ. ಸುಮಾರು 200 ಕಲಮುಗಳು ಸಿಕ್ಕಿವೆ. ಅವುಗಳಲ್ಲಿ ಎಷ್ಟೋ ಕಡೆ ‘ಮೊದಲು ಇಷ್ಟು ದಂಡವಿತ್ತು, ಈಗ ಇಷ್ಟು’ ಎಂದೇ ಬರೆದಿದ್ದಾರೆ. ಒಬ್ಬನ ಕಣ್ಣು ಕುರುಡು ಮಾಡಿದರೆ ಅಥವಾ ಹಲ್ಲು ಉದುರಿಸಿದರೆ ಮೊದಲು 40 ಶೆಕೆಲ್ (ಆ ಕಾಲದ ಒಂದು ತೂಕ) ಬೆಳ್ಳಿ, ಈಗ 20. ಬ್ಯಾಬಿಲೋನಿನ ಹಮ್ಮುರಾಬಿಯ ಕಾನೂನಿನಲ್ಲಿ ಸರೀಕರ ನಡುವೆ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು. ಇಲ್ಲಿ ಬೆಳ್ಳಿ ಕೊಟ್ಟು ಮುಗಿಸಬೇಕು. ಜೇನುಗೂಡು ಕದ್ದವನನ್ನು ಮೊದಲು ಜೇನುಹುಳಗಳಿಂದ ಕಚ್ಚಿಸುತ್ತಿದ್ದರು, ಈಗ 6 ಶೆಕೆಲ್. ನನಗೆ ತುಂಬ ಇಷ್ಟವಾದ ಕಲಮು ಇದು: ಒಬ್ಬನನ್ನು ಹೊಡೆದು ಹಾಸಿಗೆ ಹಿಡಿಸಿದರೆ, ಹೊಡೆದವನೇ ಅವನ ಆರೈಕೆ ನೋಡಬೇಕು. ಅವನು ಏಳುವ ತನಕ ಅವನ ಮನೆ ಕೆಲಸಕ್ಕೆ ಒಬ್ಬ ಆಳನ್ನು ಕೊಡಬೇಕು. ವಾಸಿಯಾದ ಮೇಲೆ 6 ಶೆಕೆಲ್ ಕೊಟ್ಟು, ವೈದ್ಯನ ಖರ್ಚನ್ನೂ ತೆರಬೇಕು. ಗಾಯವಾದ ಮನೆಯ ಕಷ್ಟ ಏನು ಎಂದು ಗೊತ್ತಿದ್ದವರು ಬರೆದ ಕಾನೂನು ಅದು.

ಹಾಗಂತ ಅವರನ್ನು ಸುಮ್ನೆ ಮೆತ್ತನೆಯ ಜನ ಅಂದುಕೊಳ್ಳಬೇಡಿ. ರಾಜನ ತೀರ್ಪಿಗೆ ಎದುರಾಡಿದವನ ಮನೆ ಪಾಳು ಬೀಳುತ್ತಿತ್ತು. ಗೆದ್ದ ನಾಡುಗಳಿಂದ ಸಾವಿರಾರು ಜನರನ್ನು ಎಬ್ಬಿಸಿ ತಂದು ತಮ್ಮ ಹೊಲಗಳಲ್ಲಿ ದುಡಿಸುತ್ತಿದ್ದರು. ಗುಲಾಮರಿದ್ದರು, ಅವರಿಗೆ ಕಾನೂನೂ ಬೇರೆ. ಮಡಿ ಮೈಲಿಗೆಯಂತೂ ಅತಿ ಕಟ್ಟುನಿಟ್ಟು. ರಾಜನ ನೀರಿನ ಪಾತ್ರೆಯಲ್ಲಿ ಒಂದು ಕೂದಲು ಸಿಕ್ಕಿದ್ದಕ್ಕೆ ಜುಲಿಯ ಎಂಬ ನೀರಿನ ಆಳನ್ನು ನದಿಯ ದಿವ್ಯಕ್ಕೆ, ಅಂದರೆ ನದಿಗಿಳಿಸಿ ತಪ್ಪು ಒಪ್ಪು ತಿಳಿಯುವ ಪರೀಕ್ಷೆಗೆ, ಒಡ್ಡಿದರು. ಅದರಲ್ಲಿ ಅವನು ಸೋತು ಪ್ರಾಣ ಕಳೆದುಕೊಂಡ. ಇದನ್ನೂ ಅಡುಗೆಮನೆಯವರಿಗೆ ಕೊಟ್ಟ ಎಚ್ಚರಿಕೆಯಾಗಿ ಬರೆದಿಟ್ಟಿದ್ದಾರೆ.

ಈಗ ಅವರ ಬರಹಗಳಲ್ಲೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿರುವ ಕಥೆಗೆ ಬರುತ್ತೇನೆ. ಮತ್ತೆ ಸುಪ್ಪಿಲುಲಿಯುಮನ ಕಾಲ. ಅವನು ಕಾರ್ಕೆಮಿಶ್‌ಗೆ ಮುತ್ತಿಗೆ ಹಾಕಿ ಕೂತಿದ್ದಾಗ ಈಜಿಪ್ಟಿನ ರಾಣಿಯಿಂದ ಒಂದು ಓಲೆ ಬಂತು. ನನ್ನ ಗಂಡ ತೀರಿಕೊಂಡ, ನನಗೆ ಮಗನಿಲ್ಲ, ನಿನಗೆ ಬಹಳ ಗಂಡುಮಕ್ಕಳಂತೆ, ಒಬ್ಬನನ್ನು ಕಳಿಸು, ಅವನು ನನ್ನ ಗಂಡನಾಗಲಿ, ನನ್ನ ಆಳನ್ನು ನಾನು ಗಂಡನನ್ನಾಗಿ ಮಾಡಿಕೊಳ್ಳಲಾರೆ, ನನಗೆ ಭಯವಾಗಿದೆ ಎನ್ನುವುದು ಅದರ ಸಾರ. ಸತ್ತ ಗಂಡ ತುತಾಂಖಾಮುನ್ ಎಂದೇ ಬಹಳ ಜನ ನಂಬುತ್ತಾರೆ. ಸುಪ್ಪಿಲುಲಿಯುಮನಿಗೆ ನಂಬಿಕೆ ಬರಲಿಲ್ಲ. ನಿಜ ತಿಳಿದು ಬಾ ಎಂದು ತನ್ನ ಅಧಿಕಾರಿಯನ್ನು ಕಳಿಸಿದ. ಯಾಕೆ ನನ್ನನ್ನು ನಂಬಲಿಲ್ಲ ಎಂದು ರಾಣಿ ನೊಂದು ಮತ್ತೆ ಬರೆದಳು. ಕೊನೆಗೆ ಜನ್ನಂಜ ಎಂಬ ಮಗನನ್ನು ಕಳಿಸಿದ. ಆ ಮದುವೆ ನಡೆಯಲೇ ಇಲ್ಲ. ಜನ್ನಂಜ ಸತ್ತ.

ಮಗನನ್ನು ಕಳೆದುಕೊಂಡ ಸುಪ್ಪಿಲುಲಿಯುಮ ಈಜಿಪ್ಟಿನ ಅಧೀನದ ಊರುಗಳ ಮೇಲೆ ಬಿದ್ದ. ಅಲ್ಲಿಂದ ತಂದ ಸೆರೆಯಾಳುಗಳ ಜೊತೆ ಒಂದು ಸಾಂಕ್ರಾಮಿಕ ರೋಗವೂ ಹತ್ತಿ ನಾಡಿಗೆ ಬಂತು. ಸುಪ್ಪಿಲುಲಿಯುಮ ಸತ್ತ. ಪಟ್ಟಕ್ಕೆ ಬಂದ ದೊಡ್ಡ ಮಗನೂ ಬೇಗ ಸತ್ತ. ಕಿರಿಯ ಮಗ ಎರಡನೇ ಮುರ್ಸಿಲಿ ಎಳೆಯ ವಯಸ್ಸಿನಲ್ಲೇ ದೊರೆಯಾದ. ರೋಗ ಇಪ್ಪತ್ತು ವರ್ಷ ಬಿಡಲಿಲ್ಲ.

ಮುರ್ಸಿಲಿ ಮಾಡಿದ್ದೇನು ಗೊತ್ತೇ? ಹಳೆಯ ಹಲಗೆಗಳನ್ನು ತೆಗೆಸಿದ. ಒಂದು ಹಲಗೆಯಲ್ಲಿ ಮಾಲಾ ನದಿಗೆ ಸಲ್ಲಬೇಕಾದ ಪೂಜೆಯ ವಿವರ ಸಿಕ್ಕಿತು. ರೋಗದ ವರ್ಷಗಳಲ್ಲಿ ಅದು ನಿಂತುಹೋಗಿತ್ತು. ಇನ್ನೊಂದರಲ್ಲಿ ಈಜಿಪ್ಟಿನ ಜೊತೆ ಹಿಂದೆ ಆಗಿದ್ದ ಒಪ್ಪಂದ ಸಿಕ್ಕಿತು. ದೇವರ ಮುಂದೆ ಮಾಡಿದ ಆ ಆಣೆಯನ್ನು ಮುರಿದು ದಂಡೆತ್ತಿ ಹೋದವನು ತನ್ನ ಅಪ್ಪನೇ. ಪಟ್ಟಕ್ಕೆ ಬರಬೇಕಿದ್ದ ಕಿರಿಯ ತುದ್ಹಲಿಯನ ಕೊಲೆಯ ಪಾಲೂ ಅಪ್ಪನದೇ. ಇದನ್ನೆಲ್ಲ ಮುರ್ಸಿಲಿ ಮುಚ್ಚಿಡಲಿಲ್ಲ. ದೇವರ ಮುಂದೆ ಪ್ರಾರ್ಥನೆಯಾಗಿ ಓದಿಸಿದ. ತಂದೆಯ ಪಾಪ ಮಗನಿಗೆ ಬರುತ್ತದೆ, ನನಗೂ ಬಂದಿದೆ, ಒಪ್ಪಿಕೊಂಡಿದ್ದೇನೆ ಎಂದ. ಹಕ್ಕಿ ಗೂಡಿನ ಆಸರೆ ಹಿಡಿಯುತ್ತದೆ, ಗೂಡು ಅದನ್ನು ಉಳಿಸುತ್ತದೆ ಎಂದು ಬೇಡಿದ. ಜೊತೆಗೆ ಒಂದು ವಾದವನ್ನೂ ಹೂಡಿದ. ನಿಮಗೆ ರೊಟ್ಟಿ ಸುಡುವವರು, ಮದ್ಯ ಎರೆಯುವವರು ಎಲ್ಲ ಸಾಯುತ್ತಿದ್ದಾರೆ, ನಾವೆಲ್ಲ ಸತ್ತರೆ ನಿಮಗೆ ನೈವೇದ್ಯ ಮಾಡುವವರು ಯಾರು? ನಮ್ಮ ವಚನಕಾರರೂ ದಾಸರೂ ದೇವರೊಡನೆ ಜಗಳಕ್ಕೆ ನಿಂತ ಸಾಲುಗಳನ್ನು ಕೇಳಿ ಬೆಳೆದ ನಮಗೆ ಈ ದನಿ ಹೊಸದೇನೂ ಅನ್ನಿಸುವುದಿಲ್ಲ. ಆದರೆ ಇದು ಆಳುವ ದೊರೆಯ ದನಿ, ಸ್ವಂತ ಅಪ್ಪನ ತಪ್ಪನ್ನು ಹೆಸರಿಸುವ ದನಿ.

ಕಾದೇಶ್ ಯುದ್ಧದ ಬಗ್ಗೆ ನೀವು ಓದಿಯೇ ಇರುತ್ತೀರಿ. ಕ್ರಿ.ಪೂ. 1274ರಲ್ಲಿ ಸಿರಿಯಾದ ಕಾದೇಶ್ ಊರಿನ ಬಳಿ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಮತ್ತು ಹಿಟ್ಟೈಟರ ದೊರೆ ಮುವತಲ್ಲಿ ಸಾವಿರಾರು ರಥಗಳೊಡನೆ ಎದುರಾದರು. ರಾಮ್ಸೆಸ್ ಗುಡಿಯ ಗೋಡೆಗಳ ಮೇಲೆಲ್ಲ ತನ್ನ ಗೆಲುವನ್ನು ಕೆತ್ತಿಸಿಕೊಂಡ. ಕಾದೇಶ್ ಮಾತ್ರ ಹಿಟ್ಟೈಟರ ಕೈಯಲ್ಲೇ ಉಳಿಯಿತು.

ಅದಕ್ಕಿಂತ ದೊಡ್ಡದು ಕ್ರಿ.ಪೂ. 1259ರ ಶಾಂತಿ ಒಪ್ಪಂದ. ಅದರ ಎರಡು ಕಡೆಯ ಬರಹವೂ ನಮ್ಮ ಕೈಗೆ ಸಿಕ್ಕಿದೆ. ಈಜಿಪ್ಟಿನ ಪಾಠ ಅಲ್ಲಿನ ಕಾರ್ನಾಕ್ ಗುಡಿಯ ಗೋಡೆಯ ಮೇಲಿದೆ, ಅಕ್ಕಾಡಿಯನ್ ಪಾಠ ಹತ್ತುಸದ ಮಣ್ಣಿನ ಹಲಗೆಯಲ್ಲಿದೆ. ಯಾರ ಮೇಲೆ ಯಾರೂ ಏರಿ ಹೋಗಬಾರದು, ಹೊರಗಿನ ಹಗೆ ಬಂದರೆ ಒಬ್ಬರಿಗೊಬ್ಬರು ನೆರವಾಗಬೇಕು. ಓಡಿಬಂದವರನ್ನು ಹಿಂದಕ್ಕೆ ಕಳಿಸಬೇಕು. ಆದರೆ ಹಾಗೆ ಮರಳಿದವನನ್ನು ಕೊಲ್ಲಬಾರದು, ಅವನ ಕಣ್ಣು, ಕಿವಿ, ಬಾಯಿ, ಕಾಲಿಗೆ ಕೇಡು ಮಾಡಬಾರದು, ಹೆಂಡತಿ ಮಕ್ಕಳನ್ನು ಮುಟ್ಟಬಾರದು. ಇದರ ಒಂದು ಪ್ರತಿರೂಪ ಇಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿದೆ, ಟರ್ಕಿ ಕೊಟ್ಟ ಕಾಣಿಕೆಯಾಗಿ.

ಒಪ್ಪಂದದ ಬೆಳ್ಳಿಯ ಹಲಗೆಯ ಮೇಲೆ ಎರಡು ಮುದ್ರೆಗಳಿದ್ದವು. ಒಂದು ದೊರೆ ಮೂರನೇ ಹತ್ತುಸಿಲಿಯದು, ಇನ್ನೊಂದು ರಾಣಿ ಪುದುಹೆಪಳದು. ಈ ಪುದುಹೆಪಳನ್ನು ಸುಮ್ಮನೆ ದಾಟಿ ಹೋಗಲು ನನಗೆ ಮನಸ್ಸಿಲ್ಲ. ಹಿಟ್ಟೈಟರಲ್ಲಿ ರಾಣಿಯದು ಒಂದು ಹುದ್ದೆ. ಗಂಡ ಸತ್ತರೂ ಅದು ಅವಳ ಜೀವ ಇರುವ ತನಕ ಅವಳದೇ. ಪುದುಹೆಪ ದಕ್ಷಿಣದ ಕಿಜ್ಜುವತ್ನ ನಾಡಿನ ಪೂಜಾರಿಯ ಮಗಳು, ತಾನೂ ಇಶ್ತಾರ್ ದೇವಿಯ ಸೇವೆಯಲ್ಲಿದ್ದವಳು. ರಾಮ್ಸೆಸ್ ಜೊತೆ ನೇರವಾಗಿ ಪತ್ರ ಬರೆಯುತ್ತಿದ್ದಳು. ಮಗಳನ್ನು ಅವನಿಗೆ ಕೊಡುವ ಮಾತಾದಾಗ ಕಳಿಸುವುದು ತಡವಾಯಿತು. ರಾಮ್ಸೆಸ್ ಗೊಣಗಿದ. ಪುದುಹೆಪ ಬಿಡಲಿಲ್ಲ. ಹತ್ತಿಯ ಉಗ್ರಾಣ ಸುಟ್ಟುಹೋಗಿದೆ ಎಂದು ನಿನಗೂ ಗೊತ್ತು, ನಿನ್ನ ಬಳಿ ಏನೂ ಇಲ್ಲವೇ, ನನ್ನಿಂದ ಸಿರಿವಂತನಾಗಲು ನೋಡುವುದು ದೊರೆಗೆ ತಕ್ಕ ಮಾತಲ್ಲ ಎಂದು ಬರೆದಳು. ಆ ಹೊತ್ತಿನಲ್ಲಿ ಲೋಕದ ಅತಿ ಬಲಾಢ್ಯ ದೊರೆಗೆ! ಕ್ರಿ.ಪೂ. 1246ರ ಸುಮಾರಿಗೆ ಮದುವೆ ನಡೆಯಿತು.

ಆ ಪತ್ರಗಳಲ್ಲಿ ಮನೆಯ ಮಾತುಗಳೂ ಇವೆ. ಹತ್ತುಸಿಲಿ ತನ್ನ ತಂಗಿಗೆ ಮಕ್ಕಳಾಗಲು ಮದ್ದು ಬಲ್ಲ ವೈದ್ಯನನ್ನು ಕಳಿಸು ಎಂದು ಕೇಳಿದ್ದ. ಆಕೆಗೆ ಐವತ್ತೋ ಅರವತ್ತೋ ಆಗಿದೆಯಂತೆ, ಅದಕ್ಕೆ ಮದ್ದಿಲ್ಲ, ಆದರೂ ವೈದ್ಯನನ್ನೂ ಮಂತ್ರವಾದಿಯನ್ನೂ ಕಳಿಸುತ್ತೇನೆ ಎಂದು ರಾಮ್ಸೆಸ್ ಉತ್ತರಿಸಿದ. ಒಂದು ಕಾಲಕ್ಕೆ ರಥ ಏರಿ ಬಡಿದಾಡಿದ ಎರಡು ನಾಡುಗಳ ನಡುವೆ ಇಂಥ ಪತ್ರಗಳು ಓಡಾಡುತ್ತಿದ್ದವು.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತೆಗೆದುಹಾಕುತ್ತೇನೆ. ಕಬ್ಬಿಣದ ಗುಟ್ಟು ಹಿಟ್ಟೈಟರಿಗೆ ಮಾತ್ರ ಗೊತ್ತಿತ್ತು, ಅದರಿಂದಲೇ ಅವರು ಗೆದ್ದರು ಎನ್ನುತ್ತಾರೆ. ಹಾಗಿಲ್ಲ. ಅವರ ಆಯುಧಗಳು ಕಂಚಿನವು. ಕಬ್ಬಿಣ ಅಪರೂಪದ, ಬೆಲೆಯುಳ್ಳ ವಸ್ತು. ಒಳ್ಳೆಯ ಕಬ್ಬಿಣ ಈಗ ಉಗ್ರಾಣದಲ್ಲಿಲ್ಲ, ಸದ್ಯಕ್ಕೆ ಒಂದು ಕಠಾರಿಯ ಅಲಗು ಕಳಿಸಿದ್ದೇನೆ ಎಂದು ಹಿಟ್ಟೈಟರ ದೊರೆಯೊಬ್ಬ ಅಸ್ಸೀರಿಯದ ದೊರೆಗೆ ಬರೆದ ಪತ್ರವೇ ಇದೆ.

ಇನ್ನು ಅವರು ಹೇಗೆ ಮುಳುಗಿದರು? ಒಂದೇ ಏಟಿಗೆ ಅಲ್ಲ. ಪೂರ್ವದಲ್ಲಿ ಅಸ್ಸೀರಿಯ ಬಲಿಯಿತು. ಉತ್ತರದ ಬೆಟ್ಟಗಳಿಂದ ಕಾಸ್ಕ ಎಂಬ ಜನ ಎಂದಿನಿಂದಲೂ ಕಾಡುತ್ತಿದ್ದರು. ರಾಜಮನೆತನದ ಒಳಗೇ ದಾಯಾದಿ ಜಗಳ. ಇದರ ಮೇಲೆ ಬರ. ಈಜಿಪ್ಟಿನ ಫೇರೋ ಮೆರ್ನೆಪ್ತಾ ಹತ್ತಿ ನಾಡನ್ನು ಬದುಕಿಸಲು ಹಡಗುಗಳಲ್ಲಿ ಧಾನ್ಯ ಕಳಿಸಿದೆ ಎಂದು ಬರೆಸಿದ್ದಾನೆ. ಗೋರ್ಡಿಯನ್ ಎಂಬಲ್ಲಿ ಸಿಕ್ಕ ಹಳೆಯ ಜುನಿಪರ್ ಮರದ ದಿಮ್ಮಿಗಳ ಉಂಗುರಗಳನ್ನು ಓದಿ 2023ರಲ್ಲಿ ವಿಜ್ಞಾನಿಗಳು ಇನ್ನೊಂದು ಸಾಕ್ಷಿ ಕೊಟ್ಟರು. ಕ್ರಿ.ಪೂ. 1198ರಿಂದ 1196ರವರೆಗೆ ಮೂರು ವರ್ಷ ಸಾಲಾಗಿ ಕಡು ಬರ. ಒಂದು ವರ್ಷದ ಬರವನ್ನು ಕಣಜ ತಾಳಿಕೊಳ್ಳುತ್ತದೆ. ಮೂರನೆಯ ವರ್ಷಕ್ಕೆ ಬಿತ್ತನೆ ಬೀಜವೂ ಉಳಿಯುವುದಿಲ್ಲ. ಒಣ ಬೇಸಾಯದ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಹೊತ್ತಿಗೆ ಮೆಡಿಟರೇನಿಯನ್ ಕರಾವಳಿಯಲ್ಲಿ ಕಡಲ ದಾಳಿಕೋರರು ಎದ್ದಿದ್ದರು.

ಹತ್ತುಸದ ಅಗೆತದಲ್ಲಿ ಗಮನಕ್ಕೆ ಬಂದ ವಿಷಯವೊಂದಿದೆ. ಬೆಂಕಿ ಬಿದ್ದ ಕಟ್ಟಡಗಳಲ್ಲಿ ಬೆಲೆಬಾಳುವ ವಸ್ತುಗಳು ಅಷ್ಟಾಗಿ ಸಿಕ್ಕಿಲ್ಲ. ಅಂದರೆ ಆಸ್ಥಾನ ಮೊದಲೇ ಗಂಟು ಕಟ್ಟಿಕೊಂಡು ಊರು ಬಿಟ್ಟಿತ್ತು, ಆಮೇಲೆ ಊರು ಸುಟ್ಟಿತು. ಕೊನೆಯದಾಗಿ ಹೆಸರು ತಿಳಿದಿರುವ ದೊರೆ ಎರಡನೇ ಸುಪ್ಪಿಲುಲಿಯುಮ. ದಕ್ಷಿಣದಲ್ಲಿ ಕಾರ್ಕೆಮಿಶ್, ಮಲಾತ್ಯದಂಥ ಸಣ್ಣ ರಾಜ್ಯಗಳು ಹಿಟ್ಟೈಟರ ಹೆಸರು ಹೇಳಿಕೊಂಡು ಇನ್ನೂ ನಾನೂರು ವರ್ಷ ಬಾಳಿದವು. ಕ್ರಿ.ಪೂ. 717ರಲ್ಲಿ ಅಸ್ಸೀರಿಯದ ಎರಡನೇ ಸಾರ್ಗಾನ್ ಕಾರ್ಕೆಮಿಶನ್ನೂ ನುಂಗಿದ.

ಮರೆವಿಗೆ ಕಾರಣ ಬರವಣಿಗೆಯಲ್ಲೇ ಇದೆ. ಅವರ ಮಣ್ಣಿನ ಬರಹವನ್ನು ಬಲ್ಲವರು ಅರಮನೆ, ಗುಡಿಗಳ ಬರಹಗಾರರು ಮಾತ್ರ. ಅರಮನೆ ಹೋದ ಮೇಲೆ ಓದುವವರೇ ಉಳಿಯಲಿಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಪಶ್ಚಿಮ ಟರ್ಕಿಯ ಬಂಡೆಯ ಮೇಲಿನ ದೊರೆಯ ಚಿತ್ರವನ್ನು ಈಜಿಪ್ಟಿನ ರಾಜ ಎಂದು ಬರೆದ. ಬೈಬಲಿನಲ್ಲಿ ಹೆಸರು ಅಲ್ಲಲ್ಲಿ ಬರುತ್ತದೆ, ಅಷ್ಟೇ. 1834ರಲ್ಲಿ ಹತ್ತುಸದ ಅವಶೇಷ ಕಂಡ ಫ್ರೆಂಚ್ ಯಾತ್ರಿಕ ಶಾರ್ಲ್ ತೆಕ್ಸಿಯೇಗೂ ಇದು ಯಾರ ಊರು ಎಂದು ತಿಳಿಯಲಿಲ್ಲ. 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ಥಿಯೊಡೋರ್ ಮಕ್ರಿದಿ ಅಗೆಸಿದಾಗ ಸಾವಿರಾರು ಹಲಗೆಗಳು ಸಿಕ್ಕವು. ರಾಮ್ಸೆಸ್ ಜೊತೆಗಿನ ಒಪ್ಪಂದವೂ ಅವುಗಳಲ್ಲಿತ್ತು. ಅಕ್ಕಾಡಿಯನ್ ಹಲಗೆಗಳನ್ನು ಓದಲು ಬಂತು, ಉಳಿದವು ಯಾವ ಭಾಷೆಯೋ ಗೊತ್ತಿರಲಿಲ್ಲ. 1915ರಲ್ಲಿ ಚೆಕ್ ವಿದ್ವಾಂಸ ಬೆದ್ರಿಖ್ ಹ್ರೋಜ್ನಿ ಒಂದು ಸಾಲನ್ನು ಹಿಡಿದ. ಅದರಲ್ಲಿ ರೊಟ್ಟಿಯ ಚಿಹ್ನೆ ಮೊದಲೇ ಗೊತ್ತಿದ್ದದ್ದು. ಪಕ್ಕದಲ್ಲಿ ‘ತಿನ್ನು’ ಎಂಬ ಅರ್ಥ ಹೊಳೆಯುವ ಒಂದು ಕ್ರಿಯಾಪದ, ಮುಂದೆ ‘ವಾತರ್’. ಇಂಗ್ಲಿಷಿನ ವಾಟರ್ ನೆನಪಾಯಿತೇ? ಅವನಿಗೂ ಅದೇ ಹೊಳೆಯಿತು. ನೀವು ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ ಎಂಬುದು ಆ ಸಾಲು. ಮೂರು ಸಾವಿರ ವರ್ಷ ಮುಚ್ಚಿದ್ದ ಭಾಷೆ ಅಲ್ಲಿಂದ ಬಿಚ್ಚಿಕೊಂಡಿತು. ಇವತ್ತಿಗೆ ಹತ್ತುಸದಲ್ಲಿ ಸಿಕ್ಕ ಹಲಗೆ ಮತ್ತು ಚೂರುಗಳ ಲೆಕ್ಕ ಸುಮಾರು 30,000. 2023ರಲ್ಲಿ ಅಲ್ಲೇ, ಕಲಶ್ಮ ಎಂಬ ನಾಡಿನ, ಅದುವರೆಗೆ ಯಾರಿಗೂ ಗೊತ್ತಿರದ ನುಡಿಯ ಬರಹವೂ ಸಿಕ್ಕಿತು. ಹಿಟ್ಟೈಟರು ಅದನ್ನೂ ಪೂಜೆಯೊಂದರ ಮಂತ್ರವಾಗಿ, ಆ ನಾಡಿನವರ ಮಾತಿನಲ್ಲೇ ಬರೆದುಕೊಂಡಿದ್ದರು.

ಕೊನೆಗೆ ನಿಮ್ಮ ಪ್ರವಾಸ. ಮೊದಲು ಅಂಕಾರದ ಅನಟೋಲಿಯನ್ ನಾಗರಿಕತೆಗಳ ವಸ್ತುಸಂಗ್ರಹಾಲಯ ನೋಡಿ. 1986ರಲ್ಲಿ ಹತ್ತುಸದಲ್ಲಿ ಸಿಕ್ಕ ಕಂಚಿನ ಹಲಗೆ ಅಲ್ಲಿದೆ. ಕಂಚಿನ ಮೇಲೆ ಬರೆದ ಹಿಟ್ಟೈಟರ ಒಪ್ಪಂದಗಳಲ್ಲಿ ಉಳಿದಿರುವುದು ಅದೊಂದೇ. ಆಮೇಲೆ ಪೂರ್ವಕ್ಕೆ, ಚೋರುಮ್ ಪ್ರಾಂತ್ಯದ ಬೋಗಾಜ್‌ಕಲೆ ಊರಿಗೆ ಹೋಗಿ. ಹತ್ತುಸ ಅದಕ್ಕೆ ಅಂಟಿಕೊಂಡೇ ಇದೆ, 1986ರಿಂದ ವಿಶ್ವ ಪರಂಪರೆಯ ತಾಣ. ಕೋಟೆಯ ಸುತ್ತಳತೆ 6 ಕಿಲೋಮೀಟರಿಗೂ ಜಾಸ್ತಿ, ಬೆಟ್ಟದ ಏರು ಇಳಿವು ಬೇರೆ. ಬೆಳಗ್ಗೆ ಬೇಗ ಹೊರಡಿ. ಸಿಂಹದ ಬಾಗಿಲು ನೋಡಿ. ಯೆರ್‌ಕಪಿಯ ದಿಬ್ಬದ ಅಡಿಯಲ್ಲಿ 70 ಮೀಟರ್ ಉದ್ದದ ಕಲ್ಲಿನ ಸುರಂಗವಿದೆ, ಅದರೊಳಗೆ ನಡೆದೇ ದಾಟಬಹುದು. ಜರ್ಮನ್ ಪುರಾತತ್ವಜ್ಞರು ಹಳೆಯ ವಿಧಾನದಲ್ಲೇ ಮತ್ತೆ ಕಟ್ಟಿ ತೋರಿಸಿರುವ ಮಣ್ಣಿನ ಇಟ್ಟಿಗೆಯ ಗೋಡೆ ನೋಡಿದರೆ ಊರು ಹೇಗಿದ್ದೀತು ಎಂಬ ಅಂದಾಜು ಸಿಗುತ್ತದೆ. ಬರ್ಲಿನ್ನಿನಿಂದ 2011ರಲ್ಲಿ ಮರಳಿ ಬಂದ ಸ್ಫಿಂಕ್ಸ್ ಊರಿನ ಸಣ್ಣ ಸಂಗ್ರಹಾಲಯದಲ್ಲಿದೆ. ಎರಡು ಕಿಲೋಮೀಟರ್ ಆಚೆ ಯಾಜಿಲಿಕಾಯ. ಅಲ್ಲಿ ಬಯಲಲ್ಲಿ ನಿಂತ ಬಂಡೆಗಳ ಮೇಲೆ ದೇವರ ಮೆರವಣಿಗೆಯನ್ನೇ ಕೆತ್ತಿದ್ದಾರೆ. ಅದಕ್ಕೆ ಅರ್ಧ ದಿನ ಬಿಡಿ, ಬಿಸಿಲು ಓರೆಯಾದಾಗ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಹಾಗಾಗಿ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ರಾಮ್ಸೆಸ್ ಒಪ್ಪಂದದ ಮಣ್ಣಿನ ಹಲಗೆ ಇಸ್ತಾಂಬುಲ್ ಪುರಾತತ್ವ ಸಂಗ್ರಹಾಲಯಕ್ಕೆ ಸೇರಿದ್ದು. ಅಲ್ಲಿನ ಕಟ್ಟಡಗಳು ಆಗಾಗ ದುರಸ್ತಿಗೆ ಮುಚ್ಚಿರುತ್ತವೆ. ಪ್ರಾಚೀನ ಪೂರ್ವದೇಶಗಳ ವಿಭಾಗ ತೆರೆದಿದೆಯೇ ಎಂದು ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ.